ಉಜ್ಜಿದ ಬೆಳ್ಳಿ

"ಇದನ್ನ ಉಜ್ಜಿದ್ದು ಯಾರು?"

ಮೇಜಿನ ಆಚೆಗಿದ್ದವನ ದನಿ ಇಡೀ ಸಭಾಂಗಣಕ್ಕೆ ಕೇಳಿಸಿತು. ಅಕ್ಕಪಕ್ಕದ ಮೇಜುಗಳಲ್ಲಿ ಪದಕ ನೋಡುತ್ತಿದ್ದವರೆಲ್ಲ ತಲೆಯೆತ್ತಿದರು.

ಆಲೀಡಾಳ ಮುಖಕ್ಕೆ ರಕ್ತ ನುಗ್ಗಿತು. "ನಾನೇ. ಯಾಕೆ?"

"ಯಾಕೆ ಅಂತ ಬೇರೆ ಕೇಳ್ತೀರಾ!" ಅವನು ಬೆಳ್ಳಿಯ ಪದಕವನ್ನು ಅಂಚಿನಲ್ಲಿ ಹಿಡಿದು ದೀಪಕ್ಕೆ ತಿರುಗಿಸಿದ. ಅದು ಹೊಸ ಚಮಚದ ಹಾಗೆ ಹೊಳೆಯಿತು. "ನೂರು ವರ್ಷ ಕೂತ ಬಣ್ಣ ರೀ ಇದರ ಮೇಲಿದ್ದದ್ದು. ಅದನ್ನ ತೊಳೆದು ಸಿಂಕಿಗೆ ಬಿಟ್ಟಿದ್ದೀರಿ. ಟೂತ್‌ಪೇಸ್ಟಾ?"

ಹಿಂದೆ ಯಾರೋ ನಕ್ಕರು. "ಪಾತ್ರೆ ತಿಕ್ಕೋ ನಾರಿರಬೇಕು, ಬೆರೆಂಡ್!"

ಡೆವೆಂಟರ್ ಊರಿನ ಪದಕ ಸಂಗ್ರಾಹಕರು ತಿಂಗಳಿಗೊಂದು ಶನಿವಾರ ಇಲ್ಲಿ ಸೇರುತ್ತಾರೆ. ರಾಜಮನೆತನದ ಮದುವೆ, ಪಟ್ಟಾಭಿಷೇಕ, ಮಗು ಹುಟ್ಟಿದ್ದು... ಎಲ್ಲದಕ್ಕೂ ಒಂದೊಂದು ಪದಕ. ಆಲೀಡಾ ಬಂದದ್ದು ಅಪ್ಪನಿಗೋಸ್ಕರ. 1898ರಲ್ಲಿ ಹದಿನೆಂಟರ ರಾಣಿ ವಿಲ್ಹೆಲ್ಮಿನಾ ಪಟ್ಟಕ್ಕೆ ಬಂದಾಗ ಮಾಡಿದ ದೊಡ್ಡ ಬೆಳ್ಳಿ ಪದಕವೊಂದು ಅಪ್ಪನ ಬಳಿ ಇರಲಿಲ್ಲ. ಅವನು ಐವತ್ತು ವರ್ಷ ಹುಡುಕಿದ್ದ. ಬೇರೆ ಐದು ಪದಕ ಕೊಟ್ಟರೆ ಅದು ಸಿಕ್ಕೀತೇನೋ ಎಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದಳು.

ಮನೆಮನೆಗೆ ಹೋಗಿ ಮುದುಕರ ಆರೈಕೆ ಮಾಡುವುದು ಅವಳ ಕೆಲಸ. ಬೆಳಿಗ್ಗೆ ಆರೂವರೆಯಿಂದ ಏಳು ಮನೆಗಳಲ್ಲಿ ಏಳು ಮುದುಕರಿಗೆ ಸ್ನಾನ ಮಾಡಿಸಿ, ಕಾಲು ಊದದಂತೆ ಬಿಗಿ ಕಾಲುಚೀಲ ತೊಡಿಸಿ ಬಂದಿದ್ದಳು. ಬೆನ್ನು ನೋವಿನಿಂದ ಸೀಳುತ್ತಿತ್ತು. ಜಗಳ ಮಾಡಲೂ ಶಕ್ತಿ ಇರಲಿಲ್ಲ.

"ಕೊಳೆ ಇತ್ತು. ತೆಗೆದೆ. ನನ್ನ ಕೆಲಸಾನೇ ಅದು."

ಡಬ್ಬಿ ಮುಚ್ಚಿ ಹೊರಟುಬಿಟ್ಟಳು. ಐಸೆಲ್ ನದಿಯ ಸೇತುವೆಯ ಮೇಲೆ ಎದುರುಗಾಳಿಗೆ ಸೈಕಲ್ ತುಳಿಯುವಾಗ ನೆನಪಾಯಿತು... ಒಂದು ಪದಕ ಅವನ ಕೈಯಲ್ಲೇ ಉಳಿದಿದೆ!

'ಇಟ್ಟುಕೊಳ್ಳಲಿ. ಮತ್ತೆ ಆ ಮುಖ ನೋಡುವವಳು ಯಾರು?'

* * *

ಮಂಗಳವಾರ ಸಂಜೆ ಐದಕ್ಕೆ ಬೆಲ್ ಆಯಿತು. ಹೇಳದೆ ಕೇಳದೆ ಬಾಗಿಲಿಗೆ ಬರುವವರು ಈ ಬೀದಿಯಲ್ಲಿ ಯಾರೂ ಇಲ್ಲ. ಬಾಗಿಲು ತೆರೆದರೆ ಅವನೇ! ಮೈಮೇಲೆ ರೈಲಿನ ಟಿಕೆಟ್ ತಪಾಸಕರ ಸಮವಸ್ತ್ರ, ಕೈಯಲ್ಲಿ ಹತ್ತಿಬಟ್ಟೆಯಲ್ಲಿ ಸುತ್ತಿದ ಪದಕ. ಉಗುರುಗಳು ಕೂಡ ತೊಳೆದಿಟ್ಟ ಹಾಗಿದ್ದವು.

"ಪದಕಕ್ಕೆ ಅಂಟಿದ ಚೀಟಿಯಲ್ಲಿ ವಿಳಾಸ ಇತ್ತು. ಅಕ್ಷರ ನೋಡಿದೆ..." ಅವನು ತಡವರಿಸಿದ. "ದಪ್ಪ ಪೆನ್ನಲ್ಲಿ, ಹೆಬ್ಬೆರಳಿನಷ್ಟು ದೊಡ್ಡದು. ಬರೆದವರಿಗೆ ಕಣ್ಣು..."

"ಯಾರಮ್ಮ ಅದು?" ಒಳಗಿನಿಂದ ಅಪ್ಪ ಎವರ್ಟ್ ಕೂಗಿದ.

"ಪದಕದವರು, ಅಪ್ಪ. ಈಗ ಹೋಗ್ತಾರೆ."

"ಪದಕದವರಾ? ಒಳಗೆ ಕರಿ!"

ಎವರ್ಟ್ ದೀಪದ ಕೆಳಗೆ ಕೂತಿದ್ದ. ಅವನ ಕಣ್ಣಿನ ನಡುಭಾಗದಲ್ಲಿ ಕಪ್ಪು ಕವಿದಿತ್ತು, ಅಂಚಿನಲ್ಲಿ ಮಾತ್ರ ಒಂದಿಷ್ಟು ದೃಷ್ಟಿ ಉಳಿದಿತ್ತು. ಹಕ್ಕಿಯ ಹಾಗೆ ಕತ್ತು ಓರೆ ಮಾಡಿ ಪದಕವನ್ನು ಬೆಳಕಿಗೆ ಹಿಡಿದ. ಮುಖ ಅರಳಿತು.

"ಹೊಳೆಯೋದು ಕಾಣುತ್ತೆ ನೋಡಪ್ಪ. ಕಪ್ಪು ಬೆಳ್ಳಿ ನನ್ನ ಕಪ್ಪಲ್ಲೇ ಕರಗಿ ಹೋಗ್ತಿತ್ತು. ಮಗಳು ಮೂರು ಸಂಜೆ ಕೂತು ಉಜ್ಜಿದಳು."

"ಉಜ್ಜಿದ್ರೆ ಏನಾಗುತ್ತೆ ಅಂತ ನಿಮಗೆ..."

"ಗೊತ್ತಿಲ್ಲದೆ ಇರುತ್ತಾ? ಅವಳು ತಂದು ಕೈಗಿಟ್ಟಾಗ ಎದೆ ಧಸಕ್ ಅಂತು. ಹೇಳಲಿಲ್ಲ. ಹೇಳಿದ್ರೆ ಯಾರಿಗೆ ಏನು ಬಂತು?"

ಅಡುಗೆಮನೆಯ ಬಾಗಿಲಲ್ಲಿ ಆಲೀಡಾ ಕಾಫಿಯ ಲೋಟ ಹಿಡಿದು ನಿಂತೇ ಇದ್ದಳು. 'ಹಾಗಾದರೆ ನಾನು ನಿಜಕ್ಕೂ ಹಾಳು ಮಾಡಿದ್ದೆ. ಅಪ್ಪನಿಗೆ ಗೊತ್ತಿತ್ತು... ಆದರೂ ಚೆನ್ನಾಗಿದೆ ಅಂದಿದ್ದ.'

ಬೆರೆಂಡ್ ಎದ್ದು ಅವಳ ಮುಂದೆ ಬಂದು ನಿಂತ. "ಶನಿವಾರ ನಾನು ಆಡಿದ ಮಾತು ತಪ್ಪು. ಎಲ್ಲರ ಮುಂದೆ ಆಡಿದ್ದು ಇನ್ನೂ ದೊಡ್ಡ ತಪ್ಪು."

"ಆರು ಗಂಟೆಗೆ ನಮ್ಮ ಊಟ, ಅಷ್ಟರಲ್ಲಿ ಹೊರಡಿ," ಎಂದಳು ಅವಳು. ಆದರೆ ಕಾಫಿಯನ್ನು ಅವನ ಕೈಗೇ ಕೊಟ್ಟಳು. ಜೊತೆಗೆ ಒಂದು ಬಿಸ್ಕತ್ತು.

* * *

ಆಮೇಲೆ ಅವನು ಗುರುವಾರಗಳಂದು ಬರತೊಡಗಿದ. ಆಲೀಡಾ ಡೈರಿ ನೋಡಿ ಹೊತ್ತು ಕೊಡುತ್ತಿದ್ದಳು: ನಾಲ್ಕರಿಂದ ಐದೂಕಾಲು. ಅವನು ಖಾನೆಯಿಂದ ಒಂದೊಂದೇ ಪದಕ ತೆಗೆದು ಅದರಡಿಯ ಚೀಟಿಯನ್ನು ಗಟ್ಟಿಯಾಗಿ ಓದುತ್ತಿದ್ದ. ಎಲ್ಲಿ ಸಿಕ್ಕಿತು, ಯಾರಿಂದ, ಯಾವ ದಿನ. ಎವರ್ಟ್ ಆ ದಿನದ ಮಳೆಯನ್ನೂ ಸೇರಿಸಿ ಹೇಳುತ್ತಿದ್ದ.

ಒಮ್ಮೆ ಅವಳು ಮೇಲಂಗಿಯನ್ನೂ ಬಿಚ್ಚದೆ ಕುರ್ಚಿಯಲ್ಲೇ ನಿದ್ದೆಹೋದಳು. ಎಚ್ಚರವಾದಾಗ ಐದೂವರೆ. ಆಲೂಗಡ್ಡೆ ಸಿಪ್ಪೆ ಬಿಡಿಸಿ ನೀರಲ್ಲಿ ಇಟ್ಟಿತ್ತು. ಅವನು ಹೋಗಿಯಾಗಿತ್ತು.

ಗಂಡ ಬಿಟ್ಟುಹೋಗಿ ಆರು ವರ್ಷ. ಇಷ್ಟು ದಿನ ಅವಳ ಮನೆಯಲ್ಲಿ ಅವಳಿಗಾಗಿ ಯಾರೂ ಒಂದು ಆಲೂಗಡ್ಡೆಯನ್ನೂ ಬಿಡಿಸಿರಲಿಲ್ಲ. ಆಲೀಡಾ ಪಾತ್ರೆಯ ಮುಂದೆ ಸುಮ್ಮನೆ ನಿಂತಳು. 'ಬೇಡಪ್ಪಾ... ನಲವತ್ತೊಂದಾಯಿತು. ಇದಕ್ಕೆಲ್ಲ ಶಕ್ತಿ ಎಲ್ಲಿದೆ?'

ಆದರೆ ಮುಂದಿನ ಗುರುವಾರ ನಾಲ್ಕಕ್ಕೆ ಮುಂಚೆಯೇ ಅವಳು ಕೂದಲು ಬಾಚಿಕೊಂಡಿದ್ದಳು.

ಅದನ್ನೆಲ್ಲ ಹಾಳು ಮಾಡಿದ್ದು ಪಕ್ಕದ ಮನೆಯ ಡೀನಾ. "ನಿಮ್ಮ ಬೆರೆಂಡ್ ಹತ್ರ 1898ರದ್ದು ಇದೆಯಂತಲ್ಲ? ನಮ್ಮೆಜಮಾನರು ಪದಕದವರ ಸಂಘದಲ್ಲಿ ಕೇಳಿ ಬಂದ್ರು. ಅಷ್ಟು ಚೆಂದದ್ದು ದೇಶದಲ್ಲೇ ಇಲ್ಲವಂತೆ!"

ಗುರುವಾರ ಅವನು ಬಂದಾಗ ಆಲೀಡಾ ಬಾಗಿಲಲ್ಲೇ ತಡೆದಳು.

"ನಿಮ್ಮ ಹತ್ರ ಇದೆಯಾ, ಇಲ್ವಾ?"

ಅವನು ಮುಖ ತಗ್ಗಿಸಿದ. "ಇದೆ. ನಮ್ಮಪ್ಪನದು."

"ವಾರ ವಾರ ನನ್ನ ಅಪ್ಪ ಅದೊಂದೇ ನೋಡಬೇಕು ಅಂತಾರೆ. ನೀವು ಎದುರಿಗೆ ಕೂತು ಕೇಳ್ತಾ ಇದ್ರಿ!"

"ಅದು ಪೂರ್ತಿ ಕಪ್ಪಾಗಿದೆ, ಆಲೀಡಾ. ತಂದ್ರೂ ಅವರಿಗೆ ಕಾಣಲ್ಲ."

"ಕೈಯಲ್ಲಾದ್ರೂ ಹಿಡೀತಿದ್ರು. ನಾನು ಉಜ್ಜಿಬಿಡ್ತೀನಿ ಅಂತ ಹೆದರಿಕೆನಾ?"

ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳಿಗೆ ಅಷ್ಟೇ ಸಾಕಾಯಿತು.

"ಮನುಷ್ಯರಿಗಿಂತ ಆ ಕಪ್ಪೇ ನಿಮಗೆ ದೊಡ್ಡದು. ಇನ್ನು ಬರಬೇಡಿ."

ಮೂರು ಗುರುವಾರ ಕಳೆದವು. ಅಪ್ಪನ ಅಂಚಿನ ದೃಷ್ಟಿಯೂ ಹೋಗುತ್ತಿದೆ, ಹೆಚ್ಚೆಂದರೆ ಈ ಚಳಿಗಾಲದವರೆಗೆ ಎಂದರು ಕಣ್ಣಿನ ಡಾಕ್ಟರು. ಡೈರಿಯ ಗುರುವಾರದ ಜಾಗದಲ್ಲಿ ಆಲೀಡಾ ಹೆಚ್ಚುವರಿ ಕೆಲಸ ಬರೆದುಕೊಂಡಳು. ಅಳಲಿಲ್ಲ. ಬಂದು ಮಲಗಿದರೆ ಸಾಕಾಗುತ್ತಿತ್ತು.

* * *

ಅಪ್ಪನ ಎಂಬತ್ನಾಲ್ಕನೆಯ ಹುಟ್ಟುಹಬ್ಬ. ಕುರ್ಚಿಗಳನ್ನು ವೃತ್ತವಾಗಿ ಹಾಕಿದ್ದಾಯಿತು. ಕೂತವರು ನಾಲ್ಕೇ ಜನ. ಕೇಕು ಹೆಚ್ಚೇ ಆಯಿತು.

ಬೆಲ್ ಆಯಿತು.

ಡೀನಾ ಹೋಗಿ ಬಾಗಿಲು ತೆರೆದಳು. ಬೆರೆಂಡ್ ಕೋಟು ಬಿಚ್ಚಿ ಒಳಗೆ ಬಂದು, ವಾಡಿಕೆಯಂತೆ ಡೀನಾ ದಂಪತಿಯ ಕೈ ಕುಲುಕಿದ. ಕೊನೆಗೆ ಆಲೀಡಾಳ ಎದುರು ನಿಂತ. "ನಿಮ್ಮ ಅಪ್ಪನ ಹುಟ್ಟುಹಬ್ಬಕ್ಕೆ ಅಭಿನಂದನೆ."

ಎಲ್ಲರ ಮುಂದೆ ಇಲ್ಲ ಎನ್ನಲಾಗದೆ ಕೈ ಕೊಟ್ಟಳು. ಅವನ ಬೆರಳುಗಳು ಒರಟಾಗಿದ್ದವು. ಕೆಳಗೆ ನೋಡಿದಳು. ಉಗುರು ಸಂದಿಯೆಲ್ಲ ಕಪ್ಪು!

ಅವನು ಎವರ್ಟನ ಅಂಗೈಯಲ್ಲಿ ಪದಕ ಇಟ್ಟ. ಕೋಣೆಗೆಲ್ಲ ಒಮ್ಮೆ ಬೆಳಕು ಎರಚಿದಂತಾಯಿತು.

ಮುದುಕ ಕತ್ತು ಓರೆ ಮಾಡಿದ. ದೀಪಕ್ಕೆ ಹಿಡಿದ. ದೂರ ಹಿಡಿದ. ಮತ್ತೆ ಹತ್ತಿರ ತಂದ. "ಹಣೆ... ಮೂಗು..." ಬೆರಳಿಂದ ಗೆರೆ ಸವರಿದ. "ಅಯ್ಯೋ, ಎಷ್ಟು ಎಳೆಯ ಹುಡುಗಿ ಇವಳು! ಇನ್ನೂ ಕೂಸು!"

ಆಮೇಲೆ ಅವನಿಗೆ ಅರಿವಾಯಿತು.

"ಮುಠ್ಠಾಳ... ಇದನ್ನ ಉಜ್ಜಿಬಿಟ್ಟೆಯಾ?"

"ಉಜ್ಜಿದೆ."

"ನಿಮ್ಮಪ್ಪ ಇದ್ದಿದ್ರೆ ಕೊಂದೇಬಿಡ್ತಿದ್ದ."

"ಹೌದು," ಎಂದ ಬೆರೆಂಡ್.

* * *

ಅಡುಗೆಮನೆಯಲ್ಲಿ ಅವನು ಕೇಳದೆಯೇ ಕೇಕಿನ ತಟ್ಟೆಗಳನ್ನು ತೊಳೆಯುತ್ತಿದ್ದ. ಆಲೀಡಾ ಬಾಗಿಲು ಎಳೆದುಕೊಂಡಳು.

"ಯಾಕೆ ಹಾಗೆ ಮಾಡಿದ್ರಿ?"

"ಮೂರು ವಾರ ಖಾನೆ ತೆಗೆಯೋದು, ಮುಚ್ಚೋದು. ನೀವು ಹೇಳಿದ್ದು ನಿಜ, ಹೆದರಿಕೆ ಇತ್ತು. ನಮ್ಮಪ್ಪ ಬಿಟ್ಟುಹೋದದ್ದು ಅದೊಂದೇ." ಅವನು ತಟ್ಟೆ ಇಟ್ಟ. "ಉಜ್ಜುವಾಗ ಅತ್ತುಬಿಟ್ಟೆ. ಉಜ್ಜಿ ಮುಗಿದ ಮೇಲೆ ನೋಡಿದೆ... ನಲವತ್ತು ವರ್ಷದಿಂದ ನಾನೂ ಆ ಮುಖ ಸರಿಯಾಗಿ ನೋಡಿರಲಿಲ್ಲ."

ಅವಳು ಅವನ ಕಪ್ಪಾದ ಬೆರಳು ಹಿಡಿದಳು. ದಿನವಿಡೀ ಬೇರೆಯವರ ಕೈ ತೊಳೆಯುವವಳು. ಇದನ್ನು ತೊಳೆಯಬೇಕೆನಿಸಲಿಲ್ಲ.

"ನನಗೆ ತುಂಬಾ ಸುಸ್ತು, ಬೆರೆಂಡ್. ಪ್ರೀತಿ ಗೀತಿ ಅಂದ್ರೆ ಅದೂ ಇನ್ನೊಂದು ಕೆಲಸ ಅನ್ನಿಸುತ್ತೆ."

"ನೀವು ಏನೂ ಮಾಡಬೇಡಿ. ಕುರ್ಚಿಯಲ್ಲಿ ನಿದ್ದೆ ಮಾಡಿ. ನೀವು ನಿದ್ದೆ ಮಾಡೋ ಮನೇಲಿ ನಾನು ಆಲೂಗಡ್ಡೆ ಬಿಡಿಸಿಕೊಂಡು ಇರ್ತೀನಿ. ನನಗೆ ಅಷ್ಟೇ ಬೇಕಾಗಿರೋದು."

ಅವಳಿಗೆ ನಗು ಬಂತು. ಅದರ ಹಿಂದೆಯೇ ಅಳು ಬಂತು... ಆರು ವರ್ಷದ್ದೆಲ್ಲ ಒಟ್ಟಿಗೆ! ಅವಳು ಅವನ ಭುಜಕ್ಕೆ ಹಣೆ ಒರಗಿಸಿದಳು. ಅವನು ಒದ್ದೆ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡು ನಿಂತ.

"ಚೀಟಿ ಬರೀರೋ!" ಒಳಗಿನಿಂದ ಅಪ್ಪ ಕೂಗಿದ. "ಹಾಳು ಮಾಡಿದ್ದು ಯಾರು ಅಂತಾನೂ ಬರೀರಿ!"

ಬೆರೆಂಡ್ ಮೊಳೆಗೆ ನೇತುಹಾಕಿದ್ದ ಡೈರಿಯ ಕಡೆ ನೋಡಿದ. "ಮತ್ತೆ ಯಾವಾಗ ಬರಲಿ? ನೋಡಿ ಹೇಳಿ."

ಆಲೀಡಾ ತಲೆ ಎತ್ತಲಿಲ್ಲ.

"ನೋಡಲ್ಲ. ನಾಳೆ ಬಾ."

"ಎಷ್ಟು ಹೊತ್ತಿಗೆ?"

"ಹೇಳದೆ ಬಾ."