ಹಸಿ ಕೈ ಮುಟ್ಟಬಾರದ ಪೆಟ್ಟಿಗೆ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಶಿಗ್ಗಾಂವ ಪೊಲೀಸ್ ಠಾಣೆಗೆ ಬಂದ ಕಾಳಿನ ವ್ಯಾಪಾರಿ ರುದ್ರೇಶ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು.

"ಮನ್ಯಾಗ ಕಳವಾಗೇತ್ರಿ ಮೇಡಂ."

ಪಿಎಸ್ಐ ಭಾಗ್ಯಶ್ರೀ ಪೆನ್ನಿನ ಕ್ಯಾಪು ತೆಗೆದರು. "ಏನೇನು ಹೋಗೇತಿ?"

"ಪಿಕ್ನಿಕ್ ಪೆಟ್ಟಿಗಿ."

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಗುತ್ತೆಪ್ಪ ಕೆಮ್ಮಿದ. ನಗು ಬಂದಾಗ ಕೆಮ್ಮುವುದು ಅವನ ರೂಢಿ.

"ಬಂಗಾರ?"

"ಇದ್ದಲ್ಲೇ ಐತ್ರಿ."

"ಬೆಳ್ಳಿ?"

"ದೇವರ ಜಗಲಿ ಮ್ಯಾಲ ಹಂಗ ಐತ್ರಿ. ಪೆಟ್ಟಿಗಿ ಅಷ್ಟ ಹೋಗೇತಿ. ಅದರಾಗ ನನ್ನ ಸಿಗಾರ ಇದ್ದುವು. ಹೊರದೇಶದ್ದು. ಯಾರ್ಯಾರಿಗೋ ಹೇಳಿ ತರಿಸಿದ್ದು."

ನೀಲಿ ಬಣ್ಣದ ಆ ಐಸ್ ಪೆಟ್ಟಿಗೆಯನ್ನು ಮನೆಯವರು ಕೊಂಡದ್ದು ಶೀಗಿ ಹುಣ್ಣಿಮೆಗೆ, ಹಂಸಭಾವಿಯ ಹೊಲಕ್ಕೆ ಮೊಸರನ್ನ, ಕಡುಬು ಒಯ್ಯಲು. ಸಿಗಾರಿನ ಹುಚ್ಚು ಹತ್ತಿದ ಮೇಲೆ ರುದ್ರೇಶ ಅದನ್ನು ಮಹಡಿಗೆ ಏರಿಸಿದ. ಸುತ್ತಿದ ತಂಬಾಕು ಒಣಗಿದರೆ ಬಿರಿಯುತ್ತದೆ, ತೇವ ಹೆಚ್ಚಾದರೆ ಬೂಸು ಹಿಡಿಯುತ್ತದೆ. ಐಸ್ ಪೆಟ್ಟಿಗೆಯ ಮುಚ್ಚಳ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ, ಹೊರಗಿನ ಸೆಕೆಯನ್ನು ಒಳಗೆ ಬಿಡುವುದಿಲ್ಲ. ಅಡುಗೆ ಸೋಡಾ ಹಾಕಿ ತೊಳೆದು, ದೇವದಾರು ಹಲಗೆ ಕೂಡಿಸಿ, ತೇವ ಕಾಯುವ ಪುಟ್ಟ ಚೀಲಗಳನ್ನೂ ತೇವ ಅಳೆಯುವ ಮೀಟರನ್ನೂ ತಾನೇ ಇಟ್ಟಿದ್ದಾಗಿ ಹೇಳಿದ. ತಂಬಾಕು ಹೊಕ್ಕ ದಿನದಿಂದ ಅವನ ತಾಯಿ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಗೊಟ್ಟಿರಲಿಲ್ಲ.

"ಯಾರ ಮ್ಯಾಲರೆ ಸಂಶಯ?"

"ಅಡಗಿ ಮಾಡೋ ಯಂಕವ್ವ. ನಿನ್ನೆ ನಾವೆಲ್ಲಾ ಹಂಸಭಾವಿಗೆ ಕೂಸಿನ ತೊಟ್ಟಿಲಕ್ಕ ಹೋಗಿದ್ವಿ. ಕೀಲಿ ಗೂಡಿನ್ಯಾಗ ಇರ್ತೇತಿ ಅನ್ನೋದು ಆಕಿಗೆ ಗೊತ್ತು. ದಿನಾ ಆ ನಾತ, ಆ ನಾತ ಅಂತಿದ್ಳು. ನಿನ್ನೆ ಸಂಜೀಕೇ ಹೇಳೇನಿ, ಇನ್ನ ಮ್ಯಾಲ ನಮ್ಮನಿ ಮೆಟ್ಟಿಲಾ ಹತ್ತಬ್ಯಾಡ ಅಂತ."

"ಎಲ್ಲಿ ಹೇಳಿದ್ರಿ?"

"ಓಣ್ಯಾಗ."

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು. ಫೈಲಿನ ಕೆಳಗೆ ಅಂದಿನ ಪತ್ರಿಕೆಯಿತ್ತು. ಹಾನಗಲ್ಲಿನಲ್ಲಿ ದೊಡ್ಡ ದರೋಡೆ ಪತ್ತೆ ಹಚ್ಚಿದ ಪಿಎಸ್ಐ ಹಾರ ಹಾಕಿಕೊಂಡು ನಿಂತಿದ್ದ; ಭಾಗ್ಯಶ್ರೀಯ ಜೊತೆಗೇ ತರಬೇತಿ ಮುಗಿಸಿದವನು. ಅವನಿಗೆ ದರೋಡೆ, ತನಗೆ ಬುತ್ತಿ ಪೆಟ್ಟಿಗೆ. ಅಭಿನಂದನೆಯ ಫೋನನ್ನು ಬೆಳಿಗ್ಗೆಯಿಂದ ಮುಂದೂಡುತ್ತಲೇ ಇದ್ದರು.

ಮಧ್ಯಾಹ್ನ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಕೀಲಿ ಮುರಿದಿರಲಿಲ್ಲ. ಮಹಡಿಯ ಕೋಣೆಯಲ್ಲಿ ಪೆಟ್ಟಿಗೆ ಇದ್ದ ಜಾಗ ಮಾತ್ರ ಧೂಳಿಲ್ಲದೆ ಚೌಕವಾಗಿ ಕಾಣುತ್ತಿತ್ತು. ಪಕ್ಕದ ಮೇಜಿನ ಮೇಲೆ ಕಳ್ಳ ಕೆಲವನ್ನು ಬಿಟ್ಟುಹೋಗಿದ್ದ: ಮೀಟರು, ತೇವ ಕಾಯುವ ಚೀಲಗಳು, ಮೂರು ಸಿಗಾರು. ಮೂರರ ಮೈಮೇಲೂ ಸಾಸಿವೆಯಷ್ಟು ಕಲೆ. ಮೂರರ ತಲೆಯೂ ಒಂದೇ ದಿಕ್ಕಿಗೆ.

"ಅವಸರದಾಗ ಬಿದ್ದಿರಬೇಕು ಬಿಡ್ರಿ," ಅಂದ ಗುತ್ತೆಪ್ಪ.

"ಬಿದ್ದವು ಹಿಂಗ ಸಾಲು ಹಿಡಿತಾವೇನು? ಬರ್ಕೋ."

ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ಇಡೀ ಭಾನುವಾರವನ್ನು ನೋಡಿದ ಕಾನ್‌ಸ್ಟೆಬಲ್ ನಾಸೀರ ಕಣ್ಣುಜ್ಜಿಕೊಳ್ಳುತ್ತ ಬಂದು, "ಹೊಸಬ್ರು ಯಾರೂ ಇಲ್ರಿ ಮೇಡಂ," ಎಂದು ವರದಿ ಒಪ್ಪಿಸಿದ.

ಮಂಗಳವಾರ ಯಂಕವ್ವ ಹೇಳಿಕೆ ಕೊಡಲು ಬಂದಳು. ಸೆರಗನ್ನು ತಲೆಯ ತುಂಬ ಹೊದ್ದಿದ್ದಳು.

"ಪೆಟ್ಟಿಗಿ ಮುಟ್ಟಿದ್ದೇನು?"

"ಧೂಳ ಹೊಡಿಯಾಕೂ ಬಿಟ್ಟವರಲ್ರಿ. ಕೂಸಿನಂಗ ತಾವ ಒರಸ್ತಿದ್ರು."

"ನಾತ ಅಂತಿದ್ಯಂತ?"

"ನಾತಕ್ಕ ನಾತ ಅನ್ನದ ಏನನ್ಲಿ? ಸಾರಿನ ಘಮಾನ ಹೋಗ್ತಿತ್ತು." ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. "ಓಣ್ಯಾಗ ನಿಂದರಿಸಿ ಕಳ್ಳಿ ಅಂದ್ರು. ಇವತ್ತ ಮುಂಜಾನೆ ಇನ್ನೆರಡು ಮನಿಯವರೂ ಬರಬ್ಯಾಡ ಅಂದ್ರು. ನನ್ನ ಕೈಯಾಗಿನ ಅನ್ನ ಉಂಡವರು. ಇನ್ನ ಯಾರ ಒಲಿ ಮುಂದ ನಿಲ್ಲಲ್ರಿ?"

ಭಾಗ್ಯಶ್ರೀ ಪೆನ್ನು ಕೆಳಗಿಟ್ಟರು. "ಆ ಕೋಣಿಗೆ ಬ್ಯಾರೆ ಯಾರು ಹೋಗ್ತಿದ್ರು?"

"ಸವಣೂರಿನ ಲೋಹಿತಪ್ಪ. ಸಣ್ಣವರಿದ್ದಾಗಿಂದ ಇಬ್ರೂ ಒಂದ ತಾಟಿನ್ಯಾಗ ಉಂಡವರು. ಈಗೀಗ ಹುಬ್ಬಳ್ಳಿಯಿಂದ ಯಾರೋ ಹೊಟೇಲ್ ಸಾವ್ಕಾರ್ರು ಬರ್ತಾರು. ಅವರು ಬಂದ ಮ್ಯಾಲ ಲೋಹಿತಪ್ಪ ಕೆಳಗ ಚಾ ಕುಡದು ಹೋಗಿಬಿಡ್ತಾನು. ಮ್ಯಾಲ ನಗು ಕೇಳಿದ್ರ ಚಾದ ಬಸಿ ಹಂಗ ಬಿಟ್ಟು ಏಳ್ತಾನು."

ಆ ಮಾತನ್ನು ಹೇಳಿಕೆಯಲ್ಲಿ ಬರೆಸಿದರೇ ಹೊರತು ಅದಕ್ಕೊಂದು ಹಿಡಿಕೆ ಸಿಗಲಿಲ್ಲ. ಮುನಿಸು ಅಪರಾಧವಲ್ಲ.

ಗುರುವಾರ ಸಂಜೆ ಭಾಗ್ಯಶ್ರೀ ಪೂಜೆಗೆ ವೀಳ್ಯದೆಲೆ ಕೊಳ್ಳಲು ಬಸ್ ನಿಲ್ದಾಣದ ಬಳಿ ನಿಂತರು. ಸವಣೂರ ಎಲೆ ಮಾರುವ ಮುದುಕಿ ಬಾಯಲ್ಲಿ ಊರ ಸುದ್ದಿ ಹೇಳುತ್ತ, ಹೆಬ್ಬೆರಳಲ್ಲಿ ಕಟ್ಟು ಬಿಡಿಸುತ್ತಿದ್ದಳು. ಚುಕ್ಕೆ ಬಿದ್ದ ಎಲೆ ಬಂದಾಗಲೆಲ್ಲ ನೋಡದೆಯೇ ತೆಗೆದು ಬದಿಗಿಟ್ಟಳು. ಬದಿಗಿಟ್ಟವುಗಳ ತೊಟ್ಟೆಲ್ಲ ಒಂದೇ ಕಡೆಗೆ.

"ಒಗಿಯೋ ಎಲಿನೂ ಸಾಲಾಗಿ ಇಡ್ತೀಯಲ್ಲಬೇ?"

"ಇಡಬೇಕು ಅಂತ ಇಡೂದಿಲ್ಲವ್ವ, ಕೈ ಇಡ್ತೇತಿ. ಕೊಳತಿದ್ದೊಂದು ಹೊಕ್ಕರ ಕಟ್ಟೆಲ್ಲಾ ಹೋತು. ಗಂಟು ಕಟ್ಟೂಕಿಂತ ಮೊದಲ ಆರಸ್ಬೇಕು."

ಭಾಗ್ಯಶ್ರೀ ಎಲೆಯನ್ನು ಚೀಲಕ್ಕೆ ಹಾಕಿಕೊಳ್ಳುವುದನ್ನೂ ಮರೆತು ಠಾಣೆಗೆ ಫೋನು ಹಚ್ಚಿದರು. "ನಾಸೀರ, ಲೋಹಿತಂದು ಏನು ವ್ಯಾಪಾರ, ಕೇಳಿ ಹೇಳು."

"ಕೇಳೂದೇನೈತ್ರಿ ಮೇಡಂ. ಎಲಿ ಪ್ಯಾಟ್ಯಾಗ ದೊಡ್ಡ ಕೋಠಿ ಐತಿ ಅವರದು."

"ಭಾನುವಾರದ ವಿಡಿಯೋ ಮತ್ತ ಹಚ್ಚು. ಹೊಸಬ್ರನ್ನ ಹುಡುಕಬ್ಯಾಡ. ದಿನಾ ಬರೋರನ್ನ ನೋಡು."

ಅರ್ಧ ಗಂಟೆಯಲ್ಲಿ ನಾಸೀರನ ಫೋನು ಬಂತು. ದನಿ ಇಳಿದಿತ್ತು. "ಎಲಿ ಗಾಡಿ ಐತ್ರಿ. ದಿನಾ ಮಾರ್ಕೆಟಿಗೆ ಹೋಗೋ ಗಾಡಿ ಅಂತ ಮುಂದ ಓಡಿಸಿಬಿಟ್ಟಿದ್ದೆ. ಅವತ್ತು ರುದ್ರೇಶನ ಮನಿ ಮುಂದ ನಿಂತೇತಿ. ಹಸಿ ಗೋಣಿತಟ್ಟು ಹೊದಿಸಿದ ಬುಟ್ಟಿಯೊಂದು ಏರೇತಿ. ಬುಟ್ಟಿ ಚೌಕ ಐತ್ರಿ ಮೇಡಂ."

"ಎಲಿ ಬುಟ್ಟಿ ಗುಂಡಗಿರ್ತಾವು."

"ಹೌದ್ರಿ. ತಪ್ಪಾತು."

ಶುಕ್ರವಾರ ಬೆಳಿಗ್ಗೆ ಜೀಪು ಸವಣೂರಿಗೆ ಹೋಯಿತು. ಲೋಹಿತನ ಎಲೆ ಕೂಡಿಡುವ ಕೋಠಿಯ ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಸುಳ್ಳೆನ್ನುವಂಥ ತಂಪು. ಗೋಡೆಯುದ್ದಕ್ಕೂ ಬಾಳೆಲೆ ಸುತ್ತಿದ ಬುಟ್ಟಿಗಳು, ಮೇಲೆ ನೀರು ಚಿಮುಕಿಸಿದ ಗೋಣಿತಟ್ಟು. ಲೋಹಿತ ನೆಲದ ಮೇಲೆ ಕುಳಿತು ಎಲೆ ತಿರುವುತ್ತಿದ್ದ. ಖಾಕಿ ಕಂಡು ಏಳಲಿಲ್ಲ. ಕೈಯಲ್ಲಿದ್ದ ಕಟ್ಟನ್ನು ಮುಗಿಸಿದ.

"ಭಾನುವಾರ ಎಲ್ಲಿದ್ರಿ?"

"ಇಲ್ಲೇ ಇದ್ನಿರಿ."

"ರುದ್ರೇಶ ತೊಟ್ಟಿಲಕ್ಕ ಕರೀಲಿಲ್ಲೇನು?"

"ಕರದಿದ್ದ."

"ಯಾಕ ಹೋಗಲಿಲ್ಲ?"

"ಕೆಲಸಿತ್ತು."

"ಶಿಗ್ಗಾಂವ್ಯಾಗ?"

ಲೋಹಿತ ಇನ್ನೊಂದು ಕಟ್ಟು ಕೈಗೆತ್ತಿಕೊಂಡ.

"ಮೂರು ಚುಕ್ಕಿ ಬಿದ್ದವನ್ನ ಆರಿಸಿ ಬಿಟ್ಟು ಬಂದೀರಿ," ಎಂದರು ಭಾಗ್ಯಶ್ರೀ. "ಕಳ್ಳರು ಆರಿಸೂದಿಲ್ಲ, ಲೋಹಿತ. ಬಾಚ್ಕೊಂಡು ಓಡ್ತಾರು. ಯಂಕವ್ವನ ಹೆಸರು ಓಣಿ ತುಂಬ ಹಳ್ಳಾ ಹಿಡದೇತಿ. ಗೊತ್ತೈತೇನು?"

ಅವನು ತಟ್ಟನೆ ತಲೆ ಎತ್ತಿದ. "ಯಂಕವ್ವಂದಾ?"

"ಐದು ದಿನ ಆತು. ಮೂರು ಮನಿ ಬಿಡಿಸ್ಯಾರು."

ಲೋಹಿತ ಎದ್ದು ಮೂಲೆಯ ಎರಡು ಬುಟ್ಟಿ ಸರಿಸಿದ. ಹಿಂದೆ ನೀಲಿ ಪೆಟ್ಟಿಗೆ. ಗುತ್ತೆಪ್ಪ ಪಂಚರನ್ನು ಕರೆದು ಮುಚ್ಚಳ ತೆರೆದ. ಬಾಳೆಲೆಯ ಹಾಸು, ಅದರ ಮೇಲೆ ತೋಯ್ದ ಬಟ್ಟೆ, ಬಟ್ಟೆಯಲ್ಲಿ ಸಿಗಾರುಗಳು. ಹೆಚ್ಚಿನವು ಊದಿ ಹೊಟ್ಟೆ ಸೀಳಿದ್ದವು. ಉಳಿದವುಗಳ ಮೇಲೆ ಬಿಳಿ ತುಪ್ಪಳದಂಥ ಬೂಸು. ಈ ಸಲ ಗುತ್ತೆಪ್ಪ ಕೆಮ್ಮಲಿಲ್ಲ.

"ದಿನಾ ಕೆಟ್ಟಿದ್ದನ್ನ ಆರಿಸಿ ತಗಿತಿದ್ನಿರಿ," ಅಂದ ಲೋಹಿತ. "ಮರುದಿನ ನೋಡಿದ್ರ ಮತ್ತಷ್ಟು. ನನ್ನ ಕೈಗೆ ಬರ್ಲಿಲ್ಲ."

"ಮಾರಾಕ ಒಯ್ದಿದ್ದೇನು?"

"ಇಲ್ರಿ."

"ಮತ್ತ?"

ಸರಿಸಿದ ಬುಟ್ಟಿಯ ಗೋಣಿತಟ್ಟನ್ನು ಸರಿಮಾಡಿದ. "ಆ ಪೆಟ್ಟಿಗಿ ನಾವಿಬ್ರೂ ಕೂಡಿ ಮಾಡಿದ್ದು. ತೊಳದಾಂವ ನಾನು, ಹಲಿಗಿ ಕೊಯ್ದಾಂವ ನಾನು. ಚೀಲ, ಮೀಟರು ಯಾಕೋ, ಎಲಿ ಇಟ್ಟಂಗ ಇಟ್ರ ಸಾಕು ಅಂತಿದ್ದೆ, ಅಂವ ನಗ್ತಿದ್ದ. ಆವಾಗಿನ ನಗು ಬ್ಯಾರೆ, ಗೆಳೆಯಾಂದು. ಹುಬ್ಬಳ್ಳಿಯಾಂವ ಬಂದ ದಿನ ರುದ್ರೇಶ, ಇದೆಲ್ಲಾ ನಾನ ಮಾಡೇನಿ ಅಂತ ತೋರಿಸಾಕತ್ತಿದ್ದ. ಆಗ್ಲಿ ಅಂದೆ. ನಾ ಮುಚ್ಚಳಾ ಎತ್ತಾಕ ಹೋದ್ರ, ನೀ ಮುಟ್ಟಬ್ಯಾಡೋ, ಎಲಿಯಾಂವ, ಹಸಿ ಕೈ ಅಂದ. ಹುಬ್ಬಳ್ಳಿಯಾಂವ ನಕ್ಕ. ಇಂವನೂ ನಕ್ಕ. ಆಮ್ಯಾಲ ತಾನ ಎತ್ತಿ, ಒಂದು ಆರಿಸಿ, ಅವನ ಕೈಯಾಗ ಇಟ್ಟ."

"ಅಷ್ಟಕ್ಕ?"

"ಅಷ್ಟಕ್ಕರಿ. ಮುಚ್ಚಳಾ ತಗದಾಗೊಮ್ಮೆ ಅವನ ಮಾರಿ ಹ್ಯಾಂಗ ಅರಳ್ತಿತ್ತು, ನೀವು ನೋಡಿಲ್ಲ. ಒಂದು ಕಾಲಕ್ಕ ನಾ ಹೋದ್ರ ಹಂಗ ಅರಳ್ತಿತ್ತು."

ಭಾಗ್ಯಶ್ರೀಗೆ ಫೈಲಿನ ಕೆಳಗಿನ ಪತ್ರಿಕೆ ನೆನಪಾಯಿತು. ಜಪ್ತಿ ಪಂಚನಾಮೆ ಬರೆಸಿ, ಮಧ್ಯಾಹ್ನ 12.40ಕ್ಕೆ ಬಂಧನದ ಮೆಮೊಗೆ ಸಹಿ ಹಾಕಿ, ಅವನ ಅಣ್ಣನಿಗೆ ವಿಷಯ ತಿಳಿಸಿದರು.

ಪೆಟ್ಟಿಗೆಯ ಗುರುತು ಹಿಡಿಯಲು ರುದ್ರೇಶ ಠಾಣೆಗೆ ಓಡಿ ಬಂದ. ಬೆಂಚಿನ ಮೇಲೆ ಕುಳಿತಿದ್ದ ಗೆಳೆಯನನ್ನು ದಾಟಿ ನೇರ ಪೆಟ್ಟಿಗೆಯ ಬಳಿ ಹೋದ. ಮುಚ್ಚಳ ಎತ್ತಿ ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ.

"ಒಂದೂ ಉಳೀಲಿಲ್ಲಲ್ಲೋ," ಅಂದ. ಯಾರಿಗೆ ಅಂದನೋ ತಿಳಿಯಲಿಲ್ಲ. ಲೋಹಿತ ಅವನ ಬೆನ್ನನ್ನೇ ನೋಡುತ್ತಿದ್ದ. ಆ ಬೆನ್ನು ತಿರುಗಲಿಲ್ಲ.

"ರುದ್ರೇಶ," ಎಂದರು ಭಾಗ್ಯಶ್ರೀ. "ಯಂಕವ್ವನ ಮನಿಗೆ ಹೋಗ್ರಿ. ಕಳ್ಳಿ ಅಂದ ಓಣ್ಯಾಗ ನಿಂತು, ಅಷ್ಟ ದೊಡ್ಡ ದನಿಲೆ, ತಪ್ಪಾತು ಅನ್ರಿ. ನಾಸೀರ ಜೊತಿಗೆ ಬರ್ತಾನ."

"ಆಕಿ ಮತ್ತ ಅಡಗಿಗೆ ಬರ್ತಾಳೇನ್ರಿ?"

"ಅದು ಆಕಿ ಖುಷಿ."

ಅವರು ಹೋದ ಮೇಲೆ ಗುತ್ತೆಪ್ಪ ಬೆರಳಚ್ಚಿನ ಹಾಳೆ ಹರಡಿ, ಮಸಿಯ ಹಲಗೆಯನ್ನು ಮುಂದಕ್ಕೆ ಸರಿಸಿದ. "ಬಲಗೈ ಕೊಡು."

ಲೋಹಿತ ಕೈ ಚಾಚಿದ. ಅರ್ಧಕ್ಕೇ ಹಿಂದಕ್ಕೆ ಎಳೆದುಕೊಂಡ. ಅಂಗಿಯ ತುದಿ ಹಿಡಿದು ಅಂಗೈ, ಬೆರಳು, ಬೆರಳ ಸಂದುಗಳನ್ನು ಒಂದೊಂದಾಗಿ ಒರೆಸಿಕೊಂಡ. ಒರೆಸಿದ ಕೈಯನ್ನು ಬೆಳಕಿಗೆ ತಿರುಗಿಸಿ ನೋಡಿ, ಮತ್ತೊಮ್ಮೆ ಒರೆಸಿಕೊಂಡ.

"ಈಗ ತಗೋರಿ," ಅಂದ. "ಹಸಿ ಇಲ್ಲ."