ಮೂರನೆಯ ಪರೀಕ್ಷೆಗೆ ಒಲ್ಲೆನೆಂದ ಪದುಮಿ

ಬಲು ಹಿಂದೆ, ಮರಗಿಡಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹಂಸಗಿರಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ವೀರಬಾಹು ರಾಜ. ರಾಜನನ್ನು ಆಳುತ್ತಿದ್ದವನು ದುಂದುಭನೆಂಬ ಮಾಯಗಾರ.

ಅರಮನೆಗೆ ಯಾರು ಸೊಸೆಯಾಗಿ ಬರಬೇಕೆಂದು ಹೇಳುವವನೂ ದುಂದುಭನೇ. ಅವನು ಆರಿಸಿ ತಂದ ಹೆಣ್ಣು ನೇರವಾಗಿ ಹಸೆಮಣೆ ಏರುತ್ತಿದ್ದಳು. ತಾನಾಗಿ ಒಲಿದು ಬಂದ ಹೆಣ್ಣಿಗೆ ಮಾತ್ರ ಮೂರು ಪರೀಕ್ಷೆ. ಗಂಡಿಗೆ ಒಂದೂ ಇಲ್ಲ. ಗೆದ್ದು ಬಂದವಳನ್ನು ಯಾರೂ ಕಂಡಿರಲಿಲ್ಲ. ಸೋತವಳು ಏನಾದಳೆಂದು ಯಾರೂ ಕೇಳಿರಲಿಲ್ಲ.

ಆ ಊರಿನ ಬಣ್ಣಗಾರನ ಮಗಳು ಪದುಮಿ. ಅವಳ ಕೈ ಮೊಣಕೈವರೆಗೂ ಸದಾ ನೀಲಿ. ಒಂದು ದಿನ ರಾಜಕುಮಾರ ಇಂದುಧರ ರುಮಾಲಿಗೆ ಬಣ್ಣ ಹಾಕಿಸಲು ಬಂದ. ಮರುದಿನ ಇನ್ನೊಂದು ರುಮಾಲು ತಂದ. ಹತ್ತನೆಯ ರುಮಾಲಿಗೆ ಪದುಮಿ ನಕ್ಕುಬಿಟ್ಟಳು.

"ನಿಮಗಿರೋದು ಒಂದೇ ತಲೆ ಅಲ್ಲವೇ, ರಾಜಕುಮಾರರೇ?"

ಹಾಗೆ ಅವರಿಗೆ ಒಲವಾಯಿತು. ಮದುವೆಯ ಮಾತು ಎತ್ತಿದಾಗ ರಾಜ, "ದುಂದುಭರು ಹೇಳಿದಂತೆ" ಎಂದ.

ದುಂದುಭ ಪದುಮಿಯ ನೀಲಿ ಕೈ ನೋಡಿ ಮೂಗು ಮುರಿದ. "ಕೆರೆಯ ನಡುವಿನ ಹೊಂದಾವರೆಯನ್ನು ಕಿತ್ತು ತಾ. ಮೊಸಳೆ ಕಾಯುತ್ತದೆ, ನೋಡಿಕೋ."

ಪದುಮಿ ಇಂದುಧರನ ಕಡೆ ನೋಡಿದಳು. ಅವನು ತೂಗುಮಂಚದ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಹಿಂದಿನಿಂದ ಬಂದ ಪದ್ಧತಿ ಪದುಮಿ, ನಾನೇನು ಮಾಡಲಿ?"

ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಕೆರೆಗೆ ಇಳಿದಳು. ಮೊಸಳೆ ಬಾಯಿ ತೆರೆಯಿತು, ಕಚ್ಚಲಿಲ್ಲ.

"ಕಿತ್ತುಕೋ ಮಗಳೇ. ನಾನೂ ಕಿತ್ತಿದ್ದೆ."

"ನೀನು ಯಾರಮ್ಮಾ?"

"ಹೊಂಬಾಳೆ. ನಲವತ್ತು ವರುಷದ ಹಿಂದೆ ವೀರಬಾಹುವಿಗೆ ಒಲಿದವಳು. ಎರಡು ಪರೀಕ್ಷೆ ಗೆದ್ದೆ. ಮೂರನೆಯದಕ್ಕೆ ದುಂದುಭ ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದ. ಬೆಂಕಿಯನ್ನು ದಾಟಿ ನಿಂತೆ. ಸೆರಗಿನ ತುದಿ ಕಪ್ಪಾಗಿದೆ ಅಂತ ಹೇಳಿ ಮಂತ್ರದ ಕೋಲು ಬೀಸಿ ನನ್ನನ್ನು ಮೊಸಳೆ ಮಾಡಿದ. ನಾನು ಓಡಿಹೋದೆ ಅಂತ ರಾಜನಿಗೆ ಹೇಳಿದನಂತೆ. ರಾಜ ನಂಬಿದನಂತೆ."

ಪದುಮಿ ಹೂ ತಂದು ದುಂದುಭನ ಮುಂದೆ ಹಾಕಿದಳು. ದುಂದುಭ, "ಗುಡ್ಡದ ಹೆಣ್ಣುಹುಲಿಯ ಹಾಲು ತಾ" ಎಂದ. ಇಂದುಧರ ಈ ಸಲವೂ ಬಾಯಿ ಬಿಡಲಿಲ್ಲ.

ಗುಡ್ಡದ ಹುಲಿ ರಾಜನ ತಮ್ಮನಿಗೆ ಒಲಿದು, ಹೀಗೆಯೇ ದುಂದುಭನ ಕೋಲಿಗೆ ಸಿಕ್ಕಿದ್ದ ಕುರುಬರ ಹುಡುಗಿ ಬೊಮ್ಮಕ್ಕ. ಪದುಮಿಯ ಗಿಂಡಿಗೆ ಹಾಲು ಕೊಟ್ಟು ಅವಳು ಹೇಳಿದಳು, "ಹೇಗೆ ಗೆದ್ದರೂ ಅವನು ಒಂದು ತಪ್ಪು ಹುಡುಕುತ್ತಾನೆ, ತಂಗಿ. ಓಡಿಹೋಗು."

"ಯಾಕೆ ಓಡಲಿ? ಕಳ್ಳತನ ಮಾಡಿದೆನೇ? ನಾಳೆ ಹೊತ್ತು ನೆತ್ತಿಗೇರುವಾಗ ನೀನೂ ಕೆರೆಯ ಹೊಂಬಾಳೆಯೂ ಅರಮನೆಯ ಅಂಗಳಕ್ಕೆ ಬನ್ನಿ."

ಮರುದಿನ ದುಂದುಭ ಕೋಣೆಯ ಬಾಗಿಲು ತೆರೆದು ಕರೆದ. ಪದುಮಿ ಅಂಗಳದಲ್ಲೇ ಕೂತುಬಿಟ್ಟಳು.

"ಒಲ್ಲೆ. ನಿನ್ನ ಬೆಂಕಿಯನ್ನು ಇಲ್ಲಿಗೆ ತಾ. ಎಲ್ಲರೂ ನೋಡಲಿ."

ಜನ ಸೇರಿದರು. ಮೊಗಸಾಲೆಯ ಸಿಂಹಾಸನದಲ್ಲಿ ರಾಜ, ಪಕ್ಕದ ತೂಗುಮಂಚದಲ್ಲಿ ಇಂದುಧರ ಕೂತಿದ್ದರು. ದುಂದುಭ ಸಿಟ್ಟಿನಿಂದ ಕೋಲು ಕುಟ್ಟಿದ. ನೆಲದಿಂದ ಉರಿಯ ಬಳೆಯೊಂದು ಎದ್ದಿತು.

"ಕಪಟವಿದ್ದವರನ್ನು ಇದು ಸುಡುತ್ತದೆ. ನಡೆ!"

"ಒಲಿದವರು ಇಬ್ಬರು. ಸುಡುವುದು ನನ್ನೊಬ್ಬಳನ್ನೇ ಏಕೆ?" ಪದುಮಿ ಎದ್ದು ನಿಂತಳು. "ಇದು ಯಾರು ಮಾಡಿದ ಕಟ್ಟಳೆ?"

"ನಾನು ಮಾಡಿದ್ದು!"

"ಹಾಗಾದರೆ ಮೊದಲು ನೀನು ನಡೆ."

ಆಗ ಇಂದುಧರ ತೂಗುಮಂಚ ಬಿಟ್ಟು ಎದ್ದ. "ನಾಚಿಕೆಯಾಗಬೇಕು ನನಗೆ" ಎನ್ನುತ್ತ ಬೆಂಕಿಯೊಳಗೆ ನುಗ್ಗಿ ಆಚೆ ಬಂದ. ಎರಡು ದಿನ ಸುಮ್ಮನಿದ್ದ ತಪ್ಪಿಗೆ ಎರಡು ಹುಬ್ಬೂ ಸುಟ್ಟಿದ್ದವು.

ಅಷ್ಟರಲ್ಲಿ ಹೆಬ್ಬಾಗಿಲಿನಿಂದ ಹುಲಿಯೂ ಮೊಸಳೆಯೂ ಬಂದವು. ಜನ ಚೆದುರಿದರು. ಮೊಸಳೆ ರಾಜನ ಮುಂದೆ ನಿಂತಿತು.

"ವೀರಬಾಹು, ನಿನಗಾಗಿ ಹೊಂದಾವರೆ ತಂದೆ. ನಾನು ಓಡಿಹೋದೆ ಅಂದಾಗ ಒಂದು ಸಲವಾದರೂ ಹುಡುಕಿದೆಯಾ?"

ಆ ದನಿ ಕೇಳಿ ರಾಜ ಸಿಂಹಾಸನದಿಂದ ಕೆಳಗೆ ಕುಸಿದ. "ಹೊಂಬಾಳೆ!" ಎಂದ.

ದುಂದುಭ ಕೋಲೆತ್ತಿದ. ಮೊಸಳೆ ಅದನ್ನು ಕಚ್ಚಿ ಮುರಿಯಿತು. ರಾಜ ಎದ್ದು ನಿಂತು, ಬದುಕಿನಲ್ಲಿ ಮೊದಲ ಸಲ, ದುಂದುಭನಿಗೆ ಅಪ್ಪಣೆ ಮಾಡಿದ:

"ನಡೆ, ಉರಿಯೊಳಗೆ."

ಮಾಯಗಾರ ಹಿಂದೆ ಸರಿದ. ಹಿಂದೆ ಹುಲಿಯಿತ್ತು. ಒಂದು ಹೆಜ್ಜೆ ಮುಂದಿಟ್ಟ. ಬೆಂಕಿ ಅವನನ್ನು ನುಂಗಿ ಆರಿತು. ಹುಲಿಯ ಜಾಗದಲ್ಲಿ ಬೊಮ್ಮಕ್ಕ ನಿಂತಿದ್ದಳು, ಮೊಸಳೆಯ ಜಾಗದಲ್ಲಿ ನರೆಗೂದಲಿನ ಹೊಂಬಾಳೆ.

"ನನ್ನ ರಾಣಿಯಾಗು" ಎಂದು ರಾಜ ಕೈಮುಗಿದ.

"ನಲವತ್ತು ವರುಷ ಹಸಿ ಮೀನು ತಿಂದಿದ್ದೇನೆ. ಮೊದಲು ಬಿಸಿ ಅನ್ನ, ತುಪ್ಪ ಬಡಿಸು. ನೀನೇ ಬಡಿಸು" ಎಂದಳು ಹೊಂಬಾಳೆ. ರಾಜ ಬಡಿಸಿದ. ಉಂಡು ಎದ್ದವಳೇ ಬೊಮ್ಮಕ್ಕನ ಕೈ ಹಿಡಿದುಕೊಂಡು ತವರಿನ ದಾರಿ ಹಿಡಿದಳು. ಅಲ್ಲಿ ಇಬ್ಬರೂ ನೆಮ್ಮದಿಯಾಗಿದ್ದರು.

ಪದುಮಿಯ ಸಿಟ್ಟು ಮಾತ್ರ ಬೇಗ ಇಳಿಯಲಿಲ್ಲ. ಇಂದುಧರ ಹುಬ್ಬಿಲ್ಲದ ಮುಖ ಹೊತ್ತು ದಿನವೂ ಬಣ್ಣದ ಮನೆಗೆ ಬಂದು, ಬಾನಿಗಳಿಗೆ ನೀರು ಹೊತ್ತು ಹಾಕಿದ. ಹುಬ್ಬು ಮತ್ತೆ ಚಿಗುರಿದ ಮೇಲೆ ಒಂದು ದಿನ ಕೇಳಿದ, "ನನ್ನನ್ನು ಮದುವೆಯಾಗುತ್ತೀಯಾ?"

"ಇನ್ನೊಮ್ಮೆ ಸುಮ್ಮನೆ ಕೂತರೆ?"

"ಕೂರುವುದಿಲ್ಲ."

ಪದುಮಿ ಒಪ್ಪಿದಳು. ಹಂಸಗಿರಿಯಲ್ಲಿ ಅಂದಿನಿಂದ ಒಲಿದವರು ಒಲಿದವರನ್ನೇ ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳೊಡನೆ ನಗುನಗುತ್ತಾ ಬಾಳಿದರು.