ಏಳನೇ ನಂಬರ್ ಬಸ್ಸಿನ ಮೇಲೊಂದು ದೂರು

ಮಧ್ಯಾಹ್ನದ ಬಿಡುವಿನಲ್ಲಿ ಡಿಪೋದ ಬೆಂಚಿನ ಮೇಲೆ ಕಾಲು ಚಾಚಿ ಕುಳಿತು ಡ್ರೈವರಮ್ಮ ಫೋನಿನಲ್ಲಿ ಬಡಾವಣೆಯ ಜಾಲತಾಣ ತೆರೆದಳು.

"ಏಳನೇ ನಂಬರಿನ ಡ್ರೈವರಮ್ಮ ಬ್ರೇಕ್ ಹಾಕುವುದಿಲ್ಲ, ಸೇಡು ತೀರಿಸಿಕೊಳ್ಳುತ್ತಾರೆ. ನನ್ನ ಮೂರಂತಸ್ತಿನ ಕೇಕು ಇವತ್ತು ಒಂದೇ ಅಂತಸ್ತಾಯಿತು."

ಇದು ಅವಮಾನ, ತೆಗೆಯಿರಿ ಎಂದು ಯಾರೋ ಪ್ರಯಾಣಿಕರು ದೂರಿದ್ದರು. ತೆಗೆಯಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವಳು ಅವಳೇ. ಏಳನೇ ನಂಬರಿನ ಡ್ರೈವರಮ್ಮನೂ ಅವಳೇ.

ಅದು ಯಾವ ಕಂಪನಿಗೂ ಸೇರದ ತಾಣ. ಬಡಾವಣೆಯವರೇ ನಡೆಸುತ್ತಿದ್ದರು, ಸರ್ವರ್ ಇದ್ದದ್ದು ಲೈಬ್ರರಿಯ ಕಪಾಟಿನಲ್ಲಿ. ಅಂಥ ನೂರಾರು ಪುಟ್ಟ ತಾಣಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು. ಪ್ರತಿಯೊಂದಕ್ಕೂ ಅದರದೇ ನಿಯಮ, ಅದರದೇ ಕಾವಲು. ಇಲ್ಲಿ "ಗುಬ್ಬಿ" ಎಂಬ ಹೆಸರಿನಲ್ಲಿ ಕಾವಲಿದ್ದವಳು ಡ್ರೈವರಮ್ಮ ಎಂಬುದು ಜೊತೆಗೆ ಕಾವಲಿದ್ದ ಲೈಬ್ರರಿಯನ್ ಸಾರ್‌ಗೂ ತಂಗಿಗೂ ಮಾತ್ರ ಗೊತ್ತಿತ್ತು.

"ಒತ್ತು ಆ ಅಳಿಸೋ ಬಟನ್ನ, ಪೀಡೆ ತೊಲಗಲಿ," ಎಂದಳು ಡಿಪೋದಲ್ಲೇ ಮೆಕ್ಯಾನಿಕ್ ಆಗಿದ್ದ ತಂಗಿ.

"ತನ್ನ ಬೆನ್ನು ತನಗೆ ಕಾಣಲ್ಲ ಕಣೇ. ಸಾರ್ ನೋಡಲಿ."

ಅವಳು ಕಳಿಸಿದ ದೂರು ಓದಿ ಲೈಬ್ರರಿಯನ್ ಸಾರ್ ಉತ್ತರಿಸಿದರು: "ಬೈದಿರೋದು ಬ್ರೇಕಿಗೆ, ನಿನಗಲ್ಲ. ಇರಲಿ ಬಿಡು."

ಮರುದಿನ ಬೆಳಿಗ್ಗೆ ಆ ಸಾಲು ಬರೆದ ಕೇಕಿನವನು ಹೊಸ ಡಬ್ಬಿಯೊಡನೆ ಮುಂದಿನ ಸೀಟಿನಲ್ಲೇ ಕುಳಿತ. ಹುಬ್ಬಿನ ಮೇಲೆ ಒಂದಿಷ್ಟು ಹಿಟ್ಟು. ಅವಳು ಬಸ್ಸನ್ನು ಹಾಲಿನ ಪಾತ್ರೆ ಹೊತ್ತವಳಂತೆ ನಡೆಸಿದಳು. ಕನ್ನಡಿಯಲ್ಲಿ ಎರಡು ಸಲ ಕಣ್ಣು ಸಂಧಿಸಿದವು. ಎರಡನೆಯ ಸಲ ಇಬ್ಬರೂ ತಡವಾಗಿ ನೋಟ ತಿರುಗಿಸಿದರು.

ಇಳಿಯುವಾಗ ಅವನೆಂದ, "ಇವತ್ತು ಕೂತಿದ್ದು ಬಸ್ಸಲ್ಲೋ ತೊಟ್ಟಿಲಲ್ಲೋ ಗೊತ್ತಾಗ್ಲಿಲ್ಲ."

"ನಿನ್ನೆ ನಾಯಿ ಅಡ್ಡ ಬಂತು."

"ಅಯ್ಯೋ, ನೋಡ್ಲೇ ಇಲ್ಲ. ಏನೇನೋ ಬರೆದುಬಿಟ್ಟೆ."

"ಓದಿದೆ. ಚೆನ್ನಾಗಿ ಬರೀತೀರಿ."

ಅವನ ಕಿವಿ ಕೆಂಪಾಯಿತು. ಅವತ್ತೇ ಬರಹದ ಕೆಳಗೆ ನಾಯಿಯ ಸಂಗತಿ ಸೇರಿಸಿದ. ಆಮೇಲೆ ಕೇಕಿಲ್ಲದ ದಿನವೂ ಏಳನೇ ನಂಬರನ್ನೇ ಹತ್ತತೊಡಗಿದ.

ವಾರದೊಳಗೆ ಅವನ ಸಾಲು ಬೇರೆ ತಾಣಗಳಿಗೆ ಹಾರಿತು. ಅಲ್ಲಿಂದ ಮೊದಲು ನಗು ಬಂತು, ಆಮೇಲೆ ಹೊಲಸು. ಹೆಂಗಸಿಗೆ ಸ್ಟೀರಿಂಗ್ ಕೊಟ್ಟರೆ ಇನ್ನೇನು ಎಂದನೊಬ್ಬ. ಇನ್ನೊಬ್ಬ ಅವಳ ಫೋಟೋ, ಮನೆಯ ಬೀದಿ ಎರಡನ್ನೂ ಹಾಕಿ "ಹೋಗಿ ಬುದ್ಧಿ ಕಲಿಸಿ" ಎಂದ.  ಅವಳು ಕೂಡಲೇ ಸಾರ್‌ಗೆ ಫೋನ್ ಮಾಡಿದಳು. ಅವರು ಬೆದರಿಕೆ, ವಿಳಾಸ ಎರಡನ್ನೂ ಅಳಿಸಿ, ಅವು ಬಂದ ತಾಣದ ಕೊಂಡಿಯನ್ನೇ ಕಳಚಿದರು.

ಅಷ್ಟರಲ್ಲಿ ಗುಬ್ಬಿಗೆ ಕೇಕಿನವನ ಸಂದೇಶ ಬಂತು. "ಮೊದಲು ಬರೆದವನು ನಾನೇ. ನಾನು ಬೈದದ್ದು ಬ್ರೇಕಿಗೆ. ಬೇಕಾದ್ರೆ ನನ್ನದನ್ನೂ ತೆಗೀರಿ."

"ಬೆದರಿಕೆ ತೆಗೆದಾಯ್ತು. ನಿಮ್ಮದು ಇರಲಿ. ಬ್ರೇಕಿನ ಬಗ್ಗೆ ಹೇಳೋ ಹಕ್ಕು ನಿಮಗಿದೆ."

"ಡ್ರೈವರಮ್ಮ ತುಂಬಾ ನೊಂದ್ರಾ?"

"ನೊಂದಿದ್ದೆ. ಈಗಿಲ್ಲ."

ಮಧ್ಯಾಹ್ನ ಎರಡೂ ನಲವತ್ತಕ್ಕೆ ಆ ಉತ್ತರ ಕಳಿಸಿದ ಮೇಲೆ ನೋಡಿದಳು. "ನೊಂದಿದ್ರು" ಎಂದಿರಬೇಕಿತ್ತು. ಇಡೀ ಬಡಾವಣೆಯ ಮಾತನ್ನು ಅಳಿಸಬಲ್ಲವಳಿಗೆ ತನ್ನ ಆ ಒಂದು ಮಾತನ್ನು ಅಳಿಸಲು ಮನಸ್ಸಾಗಲಿಲ್ಲ.

ಮರುದಿನ ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರೂ ಅವನು ಇಳಿಯಲಿಲ್ಲ.

"ಗುಬ್ಬಿ ನೀವೇ."

"ಹೌದು."

"ಕೈಲಿ ಬಟನ್ ಇಟ್ಕೊಂಡು ನನ್ನ ಬೈಗುಳ ಸಹಿಸಿದ್ರಿ. ರಾತ್ರಿಯೆಲ್ಲ ಅದೇ ಯೋಚನೆ. ನೀವಂದ್ರೆ ನಂಗೆ ತುಂಬಾ ಇಷ್ಟ. ಇದನ್ನೂ ತೆಗೀಬೇಕು ಅನಿಸಿದ್ರೆ ಹೇಳಿ."

ಅವಳು ಸ್ಟೀರಿಂಗ್ ಮೇಲೆ ಬೆರಳಾಡಿಸಿದಳು. "ಇನ್ನು ನಿಮ್ಮ ಬರಹಕ್ಕೆ ನಾನು ಕೈ ಹಾಕೋ ಹಾಗಿಲ್ಲ. ಎಲ್ಲ ಸಾರ್ ನೋಡ್ಕೋತಾರೆ. ಬೆಳಿಗ್ಗೇನೇ ಅವರಿಗೆ ಹೇಳಿಬಿಟ್ಟೆ."

"ಯಾಕೆ, ನಾನೇನು ತಪ್ಪು ಮಾಡಿದೆ?"

"ತಪ್ಪಲ್ಲ. ನಮ್ಮವರ ಬರಹಕ್ಕೆ ನಾವೇ ತೀರ್ಪು ಕೊಡಬಾರದು."

 "ನಾನು ಯಾವಾಗ ನಿಮ್ಮವನಾದೆ?"

"ನಿನ್ನೆ ಮಧ್ಯಾಹ್ನ, ಎರಡೂ ನಲವತ್ತಕ್ಕೆ."

ಅವನು ಅವಳ ಕೈಮೇಲೆ ಕೈಯಿಟ್ಟ. ಹೊರಡುವ ಸಮಯ ಮೀರಿ ನಾಲ್ಕು ನಿಮಿಷವಾಗಿತ್ತು. ಯಾವಾಗ ಹತ್ತಿದ್ದಳೋ, ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಕೆಮ್ಮಿದಳು.

"ನಿಧಾನಕ್ಕೆ ಮಾತಾಡ್ಕೊಳ್ಳಿ ಮಕ್ಕಳೇ. ನಂಗೇನೂ ಅವಸರ ಇಲ್ಲ."